ಒಂಬತ್ತನೇ ಕಂಪ್ಯೂಟರಿಗೆ ಐದು ನಿಮಿಷ

ಬಿಸಿಯಾದ ರಾಳದ ವಾಸನೆ.

ಲ್ಯಾಬ್ ಮೇಡಂ ಕಣ್ಣು ಮುಚ್ಚಿಕೊಂಡು ಇನ್ನೊಮ್ಮೆ ಮೂಸಿದರು. ಅನುಮಾನವೇ ಬೇಡ. ಅಪ್ಪ ರೇಡಿಯೋ ರಿಪೇರಿ ಮಾಡುತ್ತಿದ್ದ ಮೇಜಿನ ಕೆಳಗೆ ಕೂತು, ಮೇಲಿನಿಂದ ಬಿದ್ದು ಆರಿದ ಬೆಸುಗೆಯ ಹನಿಗಳನ್ನು ಬೆಂಕಿಪೊಟ್ಟಣದಲ್ಲಿ ಕೂಡಿಡುತ್ತಿದ್ದ ಆರು ವರ್ಷದ ಹುಡುಗಿಗೆ, ಈ ವಾಸನೆ ಬಂತೆಂದರೆ ಅಪ್ಪ ಮನೆಯಲ್ಲಿದ್ದಾರೆ ಎಂದು ಅರ್ಥ.

ಅರವತ್ತು ವರ್ಷ ಕಳೆದ ಮೇಲೆ ಅದೇ ವಾಸನೆ, ಗಂಟೆಗಿಷ್ಟೆಂದು ಕೊಟ್ಟು ಕಂಪ್ಯೂಟರ್ ಆಟ ಆಡುವ ಒಂದು ಹಾಲಿನಲ್ಲಿ, ಒಂಬತ್ತನೇ ನಂಬರಿನ ಕಂಪ್ಯೂಟರಿನಿಂದ ಆಗಷ್ಟೇ ಬಿಚ್ಚಿದ, ಇನ್ನೂ ಬೆಚ್ಚಗಿದ್ದ ಗ್ರಾಫಿಕ್ಸ್ ಕಾರ್ಡಿನ ಮೂಲೆಯಿಂದ ಬರುತ್ತಿತ್ತು.

"ಅದೇನು ಹೂವಾ ದೊಡ್ಡಮ್ಮ, ಹಂಗೆ ಮೂಸ್ತಿದ್ದೀಯ," ಎಂದಳು ಕಡ್ಡಿ.

ಕಡ್ಡಿ, ಮೇಡಂ ಅವರ ತಂಗಿಯ ಮಗಳು. ಇಪ್ಪತ್ತೆರಡು ವರ್ಷ. ಆ ಹೆಸರು ಮೈಕಟ್ಟಿನಿಂದ ಬಂತೋ, ಕಡ್ಡಿ ಮುರಿದ ಹಾಗೆ ಮಾತಾಡುವ ಬಾಯಿಂದ ಬಂತೋ ಮನೆಯವರಿಗೇ ನೆನಪಿಲ್ಲ. ಈ ಹಾಲಿನ ಹನ್ನೆರಡು ಕಂಪ್ಯೂಟರುಗಳನ್ನು ಬೆಳಗ್ಗೆ ಒರೆಸಿ, ಆನ್ ಮಾಡಿ, ಗಿರಾಕಿಗಳನ್ನು ಕೂರಿಸುವ ಕೆಲಸ ಅವಳದು. ಹೋದ ಸೋಮವಾರದ ತನಕ ಅವಳದಾಗಿತ್ತು ಎನ್ನುವುದು ಸರಿ. ಅಂದು ಒಂಬತ್ತನೆಯದರ, ಆಟದ ಚಿತ್ರಗಳನ್ನು ಪರದೆಗೆ ತರುವ ಒಳ್ಳೆಯ ಕಾರ್ಡು ಮಾಯವಾಗಿ, ಅದರ ಜಾಗದಲ್ಲಿ ಒಂದು ಬಡಕಲು ಕಾರ್ಡು ಕೂತಿರುವುದು ಬಯಲಾಗಿತ್ತು. ಅಂದಿನಿಂದ ಕಳ್ಳಿ ಎಂಬ ಮಾತು ಅವಳ ಬೆನ್ನು ಹತ್ತಿತ್ತು.

"ಇಲ್ಲಿ ನೋಡು," ಎಂದರು ಮೇಡಂ. ಭೂತಕನ್ನಡಿಯನ್ನು ಅವಳ ಕೈಗಿತ್ತರು. "ಕಾರ್ಡು ಹಳೇದು. ಆದ್ರೆ ಈ ಮೂಲೆ ಬೆಸುಗೆ ಹೊಸದು. ಸುತ್ತ ರಾಳದ ಅಂಟು ಇನ್ನೂ ಹೊಳೀತಿದೆ."

ಕಡ್ಡಿ ನೋಡಿದಳು. ಎಂಟು ಕಾಲಿನ ಪುಟ್ಟ ಚಿಪ್ ಒಂದು ಜೇಡದ ಹಾಗೆ ಕುಳಿತಿತ್ತು.

"ಕಾರ್ಡಿನ ಹೆಸರು ಇದ್ರೊಳಗೆ ಬರ್ದಿರುತ್ತೆ ದೊಡ್ಡಮ್ಮ. ಇದನ್ನ ಕಿತ್ತು, ಬರಹ ತಿದ್ದಿ, ವಾಪಸ್ ಕೂರಿಸಿದ್ದಾರೆ. ಕಂಪ್ಯೂಟರು ಯಾರಪ್ಪಾ ನೀನು ಅಂತ ಕೇಳಿದ್ರೆ, ನಾನೇ ಆ ದೊಡ್ಡ ಕಾರ್ಡು ಅನ್ನುತ್ತೆ. ಸುಳ್ಳು ಹೇಳೋದು ಕಲಿಸಿದ್ದಾರೆ ಇದಕ್ಕೆ."

"ಆಟ ಶುರುವಾದ ಮೇಲೆ?"

"ಉಬ್ಬಸ ಹತ್ತುತ್ತೆ. ಹಂಗೇ ಅಲ್ವಾ ಸಿಕ್ಕಿಬಿದ್ದಿದ್ದು."

ಕೌಂಟರಿನ ಹಿಂದಿನಿಂದ ಹಾಲಿನ ಯಜಮಾನರು ಗಂಟಲು ಸರಿಮಾಡಿಕೊಂಡರು. ಐವತ್ತು ದಾಟಿದ, ಶರ್ಟಿನ ಜೇಬಿನಲ್ಲಿ ಸದಾ ಎರಡು ಪೆನ್ನು ಇರುವ ಮನುಷ್ಯ.

"ಇಷ್ಟೆಲ್ಲ ತಿಳಿದವರು ಈ ಬೀದೀಲಿ ಎಷ್ಟು ಜನ ಇದ್ದಾರೆ ಮೇಡಂ? ನೀವೇ ಹೇಳಿ. ನಾನು ಹೇಳಿದ್ರೆ ಕಹಿ."

ಕಡ್ಡಿ ಬಾಯಿ ತೆರೆದಳು. ಮೇಡಂ ಅವಳ ಮೊಣಕೈ ಮುಟ್ಟಿದರು. ಬಾಯಿ ಮುಚ್ಚಿಕೊಂಡಿತು.

ಯಜಮಾನರ ಬಳಿ ಸಾಕ್ಷಿಗೆ ಕೊರತೆ ಇರಲಿಲ್ಲ. ಹಾಲಿನ ಬೀಗದ ಕೈ ಕಡ್ಡಿಯ ಹತ್ತಿರ ಇತ್ತು. ಕಾರ್ಡು ಕಾಣೆಯಾದ ವಾರವೇ ಅವಳ ಮನೆಯ ಕಂಪ್ಯೂಟರಿಗೆ ಅದೇ ಜಾತಿಯ ಕಾರ್ಡು ಬಂದಿತ್ತು. ಅದಕ್ಕೆ ರಸೀದಿ ಇಲ್ಲ. ನಂಬರು ಇರುವ ಚೀಟಿಯನ್ನೂ ಯಾರೋ ಕೆರೆದು ತೆಗೆದಿದ್ದರು. ಸೆಕೆಂಡ್ ಹ್ಯಾಂಡ್ ಮಾಲು ಹೀಗೇ ಬರುತ್ತದೆ ಎಂದು ಕಡ್ಡಿ ಹೇಳಿದ್ದಳು. ಅದು ನಿಜವೂ ಹೌದು. ಆದರೆ ನಿಜವೆಲ್ಲ ನಿಜದ ಹಾಗೆ ಕೇಳಿಸುವುದಿಲ್ಲ.

"ಇವತ್ತು ಐದು ಗಂಟೆ ತನಕ ಅಂದಿದ್ದೆ," ಎಂದರು ಯಜಮಾನರು. "ಆಮೇಲೆ ಸ್ಟೇಷನ್ನಿಗೆ ಹೋಗಿ ಬರ್ದು ಕೊಡ್ತೀನಿ. ಇಷ್ಟು ದಿನ ತಡೆದಿದ್ದು ನಿಮ್ಮ ಮುಖ ನೋಡಿ."

ಹೀಗೆ ಹೇಳುತ್ತಲೇ ಅವರು ಒಂದು ಲೋಟ ನೀರು ತುಂಬಿ ಕಡ್ಡಿಯ ಕಡೆಗೆ ಸರಿಸಿದರು. ಬೆಳಗಿನಿಂದ ಹುಡುಗಿ ಏನೂ ಕುಡಿದಿಲ್ಲ ಎಂಬುದು ಅವರ ಕಣ್ಣಿಗೂ ಬಿದ್ದಿತ್ತು. ಮೇಡಂ ಅದನ್ನು ಗಮನಿಸಿದರು. ಜೊತೆಗೆ, ಲೋಟ ಸರಿಸುವಾಗ ಅವರು ಅವಳ ಮುಖ ನೋಡಲಿಲ್ಲ ಎಂಬುದನ್ನೂ.

ಐದು ಗಂಟೆಯ ಆಚೆ ಏನಿದೆ ಎಂಬುದು ಮೂವರಿಗೂ ಗೊತ್ತಿತ್ತು. ಆಟಗಳನ್ನು ತಯಾರಿಸುವ ಕಂಪನಿಯೊಂದು ಕಡ್ಡಿಯನ್ನು ಪರೀಕ್ಷಕಳ ಕೆಲಸಕ್ಕೆ ಆರಿಸಿತ್ತು. ಮನೆಯಲ್ಲೇ ಕೂತು, ಹೊಸ ಆಟಗಳಲ್ಲಿ ಎಲ್ಲಿ ಏನು ಕೆಟ್ಟಿದೆ ಎಂದು ಹುಡುಕಿ ಬರೆದು ಕಳಿಸುವುದು. ಬರುವ ತಿಂಗಳಿಂದ. ಅಷ್ಟರಲ್ಲಿ ತನ್ನ ಕಂಪ್ಯೂಟರು ಅದಕ್ಕೆ ತಕ್ಕಂತೆ ಇರಬೇಕು, ಮತ್ತು ಹೆಸರಿಗೆ ಮಸಿ ಹತ್ತಿರಬಾರದು. ಪೊಲೀಸರ ಪುಸ್ತಕದಲ್ಲಿ ಹೆಸರು ಬಂದರೆ ಎರಡೂ ಹೋಯಿತು. ಕಂಪ್ಯೂಟರನ್ನು ಸಾಕ್ಷಿಯೆಂದು ಹೊತ್ತೊಯ್ಯುತ್ತಾರೆ. ಹೆಸರು ಬೇರೆ ಅಲ್ಲೇ ಉಳಿಯುತ್ತದೆ.

ಆ ಕಂಪ್ಯೂಟರಿಗಾಗಿ ಹುಡುಗಿ ಪಟ್ಟ ಪಾಡು ಮೇಡಂಗೆ ಗೊತ್ತು. ಒಂದೂವರೆ ವರ್ಷ ಒಂದು ನೋಟುಬುಕ್ಕು ಇಟ್ಟಿದ್ದಳು. ಮೊದಲ ಪುಟದಲ್ಲಿ ಪವರ್ ಸಪ್ಲೈ, ಅದರ ಎದುರು "ಇಲ್ಲಿ ಜುಗ್ಗತನ ಬೇಡ" ಎಂದು ಬರೆದು ಕೆಳಗೆ ಎರಡು ಗೆರೆ. ಮೆಮೊರಿಗೆ ಹೊಸ ಜೋಡಿ ಬೇಡ, ಇರುವುದರ ತಮ್ಮನೊಬ್ಬ ಸಾಕು. ಪ್ರೊಸೆಸರು ಅದೇ ಇರಲಿ, ಇನ್ನೂ ಎರಡು ವರ್ಷ ದುಡಿಯುತ್ತದೆ. ಪೆಟ್ಟಿಗೆ ಹಳೆಯದೇ; ಗಾಳಿಯಾಡಲು ತಾನೇ ಡ್ರಿಲ್ ಹಿಡಿದು ತೂತು ಕೊರೆದಿದ್ದಳು, ಪಕ್ಕದ ಮನೆಯವರು ಜಗಳಕ್ಕೆ ಬಂದಿದ್ದರು. ಕೊನೆಯ ಪುಟದಲ್ಲಿ ಗ್ರಾಫಿಕ್ಸ್ ಕಾರ್ಡು. ಆಟದ ಕಂಪ್ಯೂಟರಿನಲ್ಲಿ ಅದರಷ್ಟು ದುಬಾರಿ ಇನ್ನೊಂದಿಲ್ಲ. ಅವಳ ಕೈಯಲ್ಲಿದ್ದದ್ದು ಸೆಕೆಂಡ್ ಹ್ಯಾಂಡ್ ಬೆಲೆಯ ಅರ್ಧ. ಆದರೂ ಒಂದು ದಿನ, ಆ ಅರ್ಧಕ್ಕೇ ಕಾರ್ಡು ಸಿಕ್ಕಿತ್ತು. ಆ ಪುಟದಲ್ಲಿ ನಗುವ ಸೂರ್ಯನ ಚಿತ್ರ ಬರೆದಿದ್ದಳು, ಮೂರನೇ ಕ್ಲಾಸಿನ ಮಗುವಿನ ಹಾಗೆ.

ಮಾರಿದವನು ಈ ಬೀದಿಯ ಕೊನೆಯ ರಿಪೇರಿ ಅಂಗಡಿಯವನು.

"ಯಜಮಾನರೇ, ಈ ಒಂಬತ್ತನೇದನ್ನ ಇನ್ನೂ ಸ್ವಲ್ಪ ಬಿಚ್ಚಿಸಲಾ?" ಎಂದರು ಮೇಡಂ.

"ಇನ್ನೇನಿದೆ ಬಿಚ್ಚೋಕೆ? ಹೋಗಿದ್ದು ಕಾರ್ಡು."

"ಹೋಗಿದ್ದು ಗೊತ್ತು. ಉಳಿದಿದ್ದು ನೋಡೋಣ ಅಂತ."

ಮೂವತ್ತೈದು ವರ್ಷ ಕಾಲೇಜಿನ ಭೌತಶಾಸ್ತ್ರದ ಲ್ಯಾಬಿನಲ್ಲಿ ದುಡಿದವರು ಅವರು. ಒಡೆದ ಉಪಕರಣಕ್ಕಿಂತ, ಒಡೆಯದೆ ಉಳಿದದ್ದು ಹೆಚ್ಚು ಹೇಳುತ್ತದೆ ಎಂಬುದು ಅವರ ಅನುಭವ.

ಕಡ್ಡಿ ಪ್ರೊಸೆಸರಿನ ಮೇಲಿನ ಫ್ಯಾನು ಬಿಚ್ಚಿದಳು. ಬಿಚ್ಚಿದವಳು ಹಾಗೇ ನಿಂತಳು.

"ಏನೇ?"

"ಪೇಸ್ಟು ಹಸಿ ಇದೆ."

ಪ್ರೊಸೆಸರಿಗೂ ಅದನ್ನು ತಣ್ಣಗಿಡುವ ಲೋಹದ ತಟ್ಟೆಗೂ ನಡುವೆ ಒಂದು ಬೂದು ಬಣ್ಣದ ಪೇಸ್ಟು ಹಚ್ಚುತ್ತಾರೆ, ಬಿಸಿ ಸಲೀಸಾಗಿ ದಾಟಲಿ ಎಂದು. ನಾಲ್ಕೈದು ವರ್ಷಕ್ಕೆ ಅದು ಒಣಗಿ ಸುಣ್ಣವಾಗುತ್ತದೆ. ಮೇಡಂ ಎಂಟನೆಯದನ್ನೂ ಹತ್ತನೆಯದನ್ನೂ ಬಿಚ್ಚಿಸಿದರು. ಎರಡರಲ್ಲೂ ಸುಣ್ಣವೇ. ಒಂಬತ್ತನೆಯದರಲ್ಲಿ ಮಾತ್ರ ಬೆಣ್ಣೆ ಸವರಿದ ಹಾಗೆ ತೆಳ್ಳಗೆ, ಅಂಚಿನಿಂದ ಅಂಚಿಗೆ. ಹೊರಗೆ ಬಂದದ್ದನ್ನು ಹತ್ತಿಯಿಂದ ಒರೆಸಿ ತೆಗೆದಿದ್ದರು. ಒಳಗೆ ಒಂದು ಚಿಟಿಕೆ ದೂಳಿಲ್ಲ. ಪೆಟ್ಟಿಗೆಯ ಒಳ ಅಂಚಿನಲ್ಲಿ ತಗಡು ಚೂಪಾಗಿದ್ದ ಕಡೆ ಉದ್ದಕ್ಕೂ ಬಟ್ಟೆಯ ಟೇಪು ಮಡಚಿ ಅಂಟಿಸಲಾಗಿತ್ತು.

"ಇದನ್ನ ನೀನು ಮಾಡಿದ್ದಾ?"

"ಇಲ್ಲ. ನಾನು ನಡುವೆ ಒಂದು ಬಟಾಣಿಯಷ್ಟು ಇಡ್ತೀನಿ, ಅಷ್ಟೇ. ಸವರಲ್ಲ." ಕಡ್ಡಿ ತನ್ನ ಎಡ ಅಂಗೈ ನೋಡಿಕೊಂಡಳು. ಅಲ್ಲಿ ಮಾಯುತ್ತಿದ್ದ ಒಂದು ಗೆರೆ. "ಹೋದ ತಿಂಗಳು ಕೈ ಕುಯ್ದುಕೊಂಡಿದ್ದು ಇದೇ ಅಂಚಿಗೆ."

ಯಜಮಾನರು ಎದ್ದು ಬಂದು ಇಣುಕಿದರು. "ಅಲ್ಲ, ಕದಿಯೋಕೆ ಬಂದವನು ಸರ್ವಿಸ್ ಮಾಡಿ ಹೋಗ್ತಾನಾ? ನಾಳೆ ಬ್ಯಾಂಕು ದರೋಡೆ ಮಾಡಿ ಕಸ ಗುಡಿಸಿ ಹೋದ್ರು ಅಂತೀರಿ."

"ಅದೇ ನಂಗೂ ವಿಚಿತ್ರ ಅನ್ನಿಸ್ತಿರೋದು."

"ಸಾಕು ಮೇಡಂ. ಮುಚ್ಚಿಬಿಡಿ. ಹನ್ನೆರಡಕ್ಕೆ ಗಿರಾಕಿ ಬರ್ತಾರೆ," ಎಂದು ಅವರು ಸರಸರನೆ ಮುಚ್ಚಳ ತಂದು ಕೊಟ್ಟರು.

ಮೇಡಂ ಕೈಚೀಲ ಎತ್ತಿಕೊಂಡರು. ಬಾಗಿಲವರೆಗೂ ಬಂದ ಕಡ್ಡಿ ಸಣ್ಣ ದನಿಯಲ್ಲಿ ಕೇಳಿದಳು: "ದೊಡ್ಡಮ್ಮ, ನೀನಾದ್ರೂ ನಂಬ್ತೀಯಲ್ಲ?"

"ನಂಬದೆ ಇದ್ರೆ ಈ ಮೊಣಕಾಲು ಇಟ್ಕೊಂಡು ನಿಮ್ಮ ಹಾಲಿನ ಮೆಟ್ಟಿಲು ಹತ್ತುತ್ತಿದ್ನಾ? ಆ ನೀರು ಕುಡಿ ಮೊದ್ಲು."

---

ಬೀದಿಯ ಕೊನೆಯ ಅಂಗಡಿಯವನನ್ನು ಎಲ್ಲರೂ ಡಾಕ್ಟ್ರು ಎನ್ನುತ್ತಾರೆ. ರೋಗಿಗಳೆಲ್ಲ ಕಂಪ್ಯೂಟರುಗಳೇ. ಫ್ಯಾನು ಒಳಗೊಳಗೇ ಉಜ್ಜುತ್ತಿದೆಯೋ ಎಂದು ತಿಳಿಯಲು ನಿಜವಾದ ಸ್ಟೆಥಾಸ್ಕೋಪನ್ನೇ ಪೆಟ್ಟಿಗೆಗೆ ಒತ್ತಿ ಕೇಳುತ್ತಾನೆ. ನಲವತ್ತರ ಆಸುಪಾಸು. ಮೆಟ್ಟಿಲ ಕೆಳಗಿನ ಅಂಗಡಿಯಾದ್ದರಿಂದ ಅರ್ಧ ಬಗ್ಗಿ ನಡೆದೂ ನಡೆದೂ, ಬೀದಿಯಲ್ಲೂ ಹಾಗೇ ನಡೆಯುವ ಅಭ್ಯಾಸ.

ಮೇಡಂ ಮನೆಗೆ ಹೋಗಿ, ತಮ್ಮ ಹಳೆಯ ಕಂಪ್ಯೂಟರನ್ನು ಗಾಲಿಯಿರುವ ತರಕಾರಿ ಚೀಲದಲ್ಲಿ ಎಳೆದುಕೊಂಡು ಅಲ್ಲಿಗೆ ಬರುವ ಹೊತ್ತಿಗೆ ಎರಡೂವರೆ.

ಅವನು ಎದ್ದು, ಕುರ್ಚಿಯ ಮೇಲಿದ್ದ ಬೋರ್ಡುಗಳನ್ನು ಸರಿಸಿ, ಒಗೆದ ಬಟ್ಟೆಯೊಂದನ್ನು ಹಾಸಿದ.

"ಬನ್ನಿ ಮೇಡಂ. ಯಾರಿಗೆ ಹುಷಾರಿಲ್ಲ?"

"ನಮ್ಮ ಮುದುಕನಿಗೆ. ಗುಂಡಿ ಒತ್ತಿದ್ರೆ ಒಳಗೇ ಕೂತುಬಿಡುತ್ತೆ, ಈಚೆ ಬರಲ್ಲ. ಅದೊಂದು ಸರಿಮಾಡಿ ಕೊಡಪ್ಪ. ಬೇರೇನೂ ಮುಟ್ಬೇಡ. ನಂಗೆ ಹೊತ್ತಿಲ್ಲ."

"ಅಷ್ಟೇನಾ. ಎರಡು ನಿಮಿಷ."

ಎರಡೇ ನಿಮಿಷ. ಪಕ್ಕದ ಮುಚ್ಚಳ ತೆಗೆದ, ಗುಂಡಿಯ ಸ್ಪ್ರಿಂಗು ಒರೆಸಿ ಕೂರಿಸಿದ, ಮೂರು ಸಲ ಒತ್ತಿ ನೋಡಿದ. ಮುಚ್ಚಳ ಮತ್ತೆ ಹಾಕಿ ಒಂದು ತಿರುಪು ತಿರುಗಿಸಿದ.

ನಿಂತ.

ತಿರುಪು ವಾಪಸು ಬಿಚ್ಚಿ, ಮುಚ್ಚಳ ಸರಿಸಿ, ಟಾರ್ಚು ಬಿಟ್ಟ.

"ಮೇಡಂ, ಇದರ ಫ್ಯಾನು ಕೊನೇ ಸಲ ಬಿಚ್ಚಿದ್ದು ಯಾವಾಗ?"

"ಬಿಚ್ಚಿಲ್ಲ. ತಂದು ಹನ್ನೊಂದು ವರ್ಷ ಆಯ್ತು."

ಅವನ ಮುಖ, ಎಳೆ ಮಗುವಿಗೆ ಬೆಳಗಿನಿಂದ ಹಾಲು ಕೊಟ್ಟಿಲ್ಲ ಎಂದು ಕೇಳಿದವನ ಮುಖದ ಹಾಗಾಯಿತು.

"ಒಂದೈದು ನಿಮಿಷ ಕೂತ್ಕೊಳ್ಳಿ."

"ಬೇಡ ಅಂದ್ನಲ್ಲ."

"ದುಡ್ಡು ಬೇಡ ಮೇಡಂ. ಐದೇ ನಿಮಿಷ. ಇದನ್ನ ಹಿಂಗೇ ಮುಚ್ಚಿ ಕಳಿಸಿದ್ರೆ ನಂಗೆ ಊಟ ಸೇರಲ್ಲ."

ಮೇಡಂ ಕೂತರು. ಅವರಿಗೆ ಇಲ್ಲಿಂದ ಎದ್ದು ಹೋಗಿಬಿಡಬೇಕು ಅನ್ನಿಸಿತು. ಇಲಿ ಬೋನಿಗೆ ಬರುವುದನ್ನು ನೋಡುತ್ತಾ ಕೂರುವುದು ಸುಲಭವಲ್ಲ, ಅದರಲ್ಲೂ ಇಲಿ ನಿಮಗೆ ಉಪಕಾರ ಮಾಡಲೆಂದೇ ಒಳಗೆ ಬರುತ್ತಿರುವಾಗ.

ಅವನು ಒಣಗಿದ್ದನ್ನು ಕೆರೆದ. ಹೊಸ ಪೇಸ್ಟು ಇಟ್ಟ. ಹಳೆಯ ಪ್ಲಾಸ್ಟಿಕ್ ಕಾರ್ಡಿನ ತುಂಡಿನಿಂದ ಬೆಣ್ಣೆಯ ಹಾಗೆ ಸವರಿದ, ಅಂಚಿನಿಂದ ಅಂಚಿಗೆ. ಹತ್ತಿ ಸುತ್ತಿದ ಕಡ್ಡಿಯಿಂದ ಸುತ್ತ ಒರೆಸತೊಡಗಿದ.

"ಒಂಬತ್ತನೇದಕ್ಕೂ ಐದೇ ನಿಮಿಷ ಆಯ್ತಾ?" ಎಂದರು ಮೇಡಂ.

ಹತ್ತಿ ನಿಂತಿತು.

"ಯಾವ ಒಂಬತ್ತನೇದು?"

ಮೇಡಂ ಉಷ್ಣಮಾಪಕದ ಪಾದರಸ ಏರಿ ಒಂದು ಕಡೆ ನಿಲ್ಲುವ ತನಕ ಕಾದು, ಆಮೇಲೆ ಓದಿ ಎಂದು ಮೂವತ್ತೈದು ವರ್ಷ ಮಕ್ಕಳಿಗೆ ಹೇಳಿದವರು. ಒಬ್ಬ ಮನುಷ್ಯ ಬಾಯಿ ಬಿಡುವ ತನಕ ಕಾಯುವುದು ಅವರಿಗೆ ದೊಡ್ಡದಲ್ಲ.

ಹೊರಗೆ ಯಾರೋ ಸೈಕಲ್ಲಿನ ಗಂಟೆ ಬಾರಿಸುತ್ತಾ ಹೋದರು. ಮೇಲೆ ಮೆಟ್ಟಿಲ ಮೇಲೆ ಚಪ್ಪಲಿ ಸದ್ದು ಹತ್ತಿ ಇಳಿಯಿತು.

ಡಾಕ್ಟ್ರು ಸ್ಟೂಲಿನ ಮೇಲೆ ಕೂತ.

"ಪೇಸ್ಟು ನೋಡಿದ್ರಾ?"

"ನೋಡಿದೆ."

"ಅಲ್ಲೇ ಅಂದ್ಕೊಂಡೆ ಮೇಡಂ, ಬೇಡ, ಬಿಟ್ಟು ಹೋಗು ಅಂತ. ಆದ್ರೆ ಹಂಗೆ ಒಣಗಿತ್ತು. ದಿನಾ ಹತ್ತು ಗಂಟೆ ಓಡೋ ಯಂತ್ರ." ಅವನು ಹತ್ತಿಯನ್ನು ಬೆರಳಲ್ಲಿ ತಿರುಗಿಸಿದ. "ಕಾರ್ಡು ತೆಗೆದಿದ್ದು ನಾನೇ. ಆದ್ರೆ ಕದ್ದಿಲ್ಲ."

"ತೆಗೆದಿದ್ದಕ್ಕೂ ಕದ್ದಿದ್ದಕ್ಕೂ ಏನು ವ್ಯತ್ಯಾಸ, ಹೇಳು."

"ಯಜಮಾನರು ಒಪ್ಪಿದ್ದಾರೆ ಅಂತ ಹೇಳಿದ್ರು. ಒಂಬತ್ತನೇದರ ಕಾರ್ಡು ತೆಗೆದು, ಬೇರೆ ಸಣ್ಣದೊಂದು ಹಾಕು, ಯಜಮಾನರಿಗೆ ಅಭ್ಯಂತರ ಇಲ್ಲ ಅಂತ. ಆಡೋಕೆ ಬರೋರು ಪರದೆ ಮೇಲೆ ಹೆಸರು ನೋಡ್ತಾರಲ್ಲ, ಗಿರಾಕಿ ಓಡಿಹೋಗ್ಬಾರ್ದು, ಹೆಸರು ಮಾತ್ರ ಹಳೇದೇ ಇರಲಿ ಅಂತ. ಅದಕ್ಕೆ ಆ ಚಿಪ್ ತಿದ್ದಿದೆ. ಅದು ತಪ್ಪು. ಅಷ್ಟು ನನ್ನ ತಪ್ಪು, ಒಪ್ಕೋತೀನಿ."

"ತೆಗೆದ ಕಾರ್ಡು?"

ಅವನು ತಲೆ ತಗ್ಗಿಸಿದ. "ಕಡ್ಡಿ ಮನೇಲಿದೆ. ನಾನೇ ಮಾರಿದ್ದು. ಅವಳ ಹತ್ರ ಇದ್ದಷ್ಟಕ್ಕೆ."

ಮೇಡಂ ಕೈಚೀಲವನ್ನು ಮಡಿಲಿಗೆ ಎಳೆದುಕೊಂಡರು.

ಬೆಳಗಿನಿಂದ ಅವರು ಹುಡುಕುತ್ತಿದ್ದದ್ದು ಕಡ್ಡಿ ಕದ್ದಿಲ್ಲ ಎಂಬುದಕ್ಕೆ ಸಾಕ್ಷಿ. ಸಿಕ್ಕಿದ್ದು, ಕದ್ದ ಕಾರ್ಡು ಕಡ್ಡಿಯ ಕಂಪ್ಯೂಟರಿನಲ್ಲೇ ಇದೆ ಎಂಬುದಕ್ಕೆ ಸಾಕ್ಷಿ.

"ಅವಳಿಗೆ ಗೊತ್ತಾ?"

"ಅಯ್ಯೋ, ಇಲ್ಲ. ಗೊತ್ತಾದ್ರೆ ಅದನ್ನ ಮುಟ್ತಿದ್ಲಾ? ನಿಮಗೆ ಗೊತ್ತಿಲ್ವಾ ಅವಳ ಸ್ವಭಾವ. ಹೋದ ವರ್ಷ ನಾನು ಎರಡು ತಿರುಪು ಸುಮ್ನೆ ಕೊಟ್ಟಿದ್ದಕ್ಕೆ ವಾಪಸ್ ತಂದಿಟ್ಟು ಹೋದವಳು."

"ಸೋಮವಾರದಿಂದ ಅವಳನ್ನ ಕಳ್ಳಿ ಅಂತಿದ್ದಾರೆ. ನೀನು ಇಲ್ಲಿ ಸುಮ್ನೆ ಕೂತಿದ್ದೀಯ."

ಈ ಮಾತನ್ನು ಅವರು ಗದರಿ ಹೇಳಲಿಲ್ಲ. ಆದರೂ ಅದು ಅವನಿಗೆ ಏಟಿನ ಹಾಗೆ ತಾಗಿತು.

"ಸುಮ್ನೆ ಕೂತಿಲ್ಲ ಮೇಡಂ. ದಿನಾ ಹೋಗಿ ಕೇಳ್ತಿದ್ದೀನಿ, ಹೇಳ್ಬಿಡ್ಲಾ ಅಂತ. ಇವತ್ತೊಂದು ದಿನ ತಡಿ, ಇವತ್ತೊಂದು ದಿನ ತಡಿ ಅಂತಾರೆ. ಆಣೆ ಹಾಕಿಸ್ಕೊಂಡಿದ್ದಾರೆ."

"ಯಾರು?"

ಡಾಕ್ಟ್ರು ಕೈಯಲ್ಲಿದ್ದ ಹತ್ತಿಯನ್ನು ಕಸದ ಬುಟ್ಟಿಗೆ ಹಾಕಿದ.

ಮೇಡಂ ಕೈಗಡಿಯಾರ ಬಿಚ್ಚಿ ಅವನ ಮೇಜಿನ ಮೇಲೆ, ಅವನಿಗೆ ಕಾಣುವ ಹಾಗೆ ಇಟ್ಟರು. ಮೂರೂಕಾಲು. "ಐದು ಗಂಟೆಗೆ ಆ ಮನುಷ್ಯ ಸ್ಟೇಷನ್ನಿಗೆ ಹೋಗ್ತಾನೆ. ಅಲ್ಲಿ ಬರೆದದ್ದನ್ನ ನೀನು ಹತ್ತಿ ಹಾಕಿ ಒರೆಸೋಕಾಗಲ್ಲ."

ಅವನು ಗಡಿಯಾರ ನೋಡಿದ. ಅರ್ಧ ಬಿಚ್ಚಿದ ಮೇಡಂ ಅವರ ಕಂಪ್ಯೂಟರು ನೋಡಿದ. ಯಾಕೋ ಆ ಹೊತ್ತಿನಲ್ಲೂ ಕೈ ಅದರ ಕಡೆಗೇ ಹೋಯಿತು. ಫ್ಯಾನು ಕೂರಿಸಿ, ಎದುರು ಬದುರು ಮೂಲೆಗಳ ತಿರುಪುಗಳನ್ನು ಒಂದೊಂದಾಗಿ, ಸಮನಾಗಿ ಬಿಗಿಯತೊಡಗಿದ. ಕೆಲಸ ಮಾಡುತ್ತಿದ್ದರೆ ಮಾತು ಬರುವ ಜನ ಇರುತ್ತಾರೆ.

"ಪೇಸ್ಟು ನಂದು," ಎಂದ. "ದೂಳು ಹೊಡೆದಿದ್ದು ನಾನು. ಆದ್ರೆ ಅಂಚಿಗೆ ಟೇಪು ಅಂಟಿಸಿದ್ದು ನಾನಲ್ಲ ಮೇಡಂ."

"ಮತ್ತೆ?"

"ಟಾರ್ಚು ಹಿಡ್ಕೊಂಡು ನಿಂತಿದ್ದವರು. ಬೆಳಗ್ಗೆ ಆರೂವರೆ, ಹಾಲಿನ ಹಿಂಬಾಗಿಲು ಅವರೇ ತೆಗೆದಿದ್ದು. ನಾನು ಕೆಲಸ ಮುಗಿಸೋ ತನಕ ಪೆಟ್ಟಿಗೆ ಅಂಚನ್ನ ಬೆರಳಲ್ಲಿ ಸವರ್ತಾನೇ ಇದ್ರು. ಆಮೇಲೆ ಒಳಗೆ ಹೋಗಿ ಬಟ್ಟೆ ಟೇಪು ತಂದ್ರು. ಮಗೀಗೆ ಇನ್ನೊಂದ್ಸಲ ಕುಯ್ಯೋದು ಬೇಡ ಅಂತ ಹೇಳಿ, ಅವರೇ ಮಡಚಿ ಮಡಚಿ ಅಂಟಿಸಿದ್ರು."

ಕೊನೆಯ ತಿರುಪು ಬಿಗಿಯಾಯಿತು.

ಆಟದ ಹಾಲಿನ ಹಿಂಬಾಗಿಲು ಒಂದು ಅಂಗಳಕ್ಕೆ ತೆರೆಯುತ್ತದೆ. ಆ ಅಂಗಳದ ಆಚೆ ಬದಿಗೆ ಒಂದು ಅಡುಗೆಮನೆ. ಅಲ್ಲಿಂದ ಈ ಬೀದಿಯ ಅಂಗಡಿಗಳಿಗೆಲ್ಲ ಮಧ್ಯಾಹ್ನದ ಊಟದ ಡಬ್ಬಿ ಹೋಗುತ್ತದೆ. ಯಜಮಾನರಿಗೆ ಬೆಳಗಿನ ತಿಂಡಿಯೂ. ಅದಕ್ಕಾಗಿ ಹಿಂಬಾಗಿಲಿನ ಒಂದು ಬೀಗದ ಕೈ ಆ ಅಡುಗೆಮನೆಯ ಮೊಳೆಗೆ ನೇತಾಡುತ್ತದೆ. ಇದೆಲ್ಲ ಮೇಡಂಗೆ ಮೊದಲಿನಿಂದಲೂ ಗೊತ್ತು. ಗೊತ್ತಿದ್ದೂ ಅತ್ತ ಒಮ್ಮೆಯೂ ತಿರುಗಿ ನೋಡಿರಲಿಲ್ಲ.

"ನಮ್ಮ ತಂಗಿ," ಎಂದರು ಅವರು.

"ಉಳಿದ ಅರ್ಧ ದುಡ್ಡು ಅವರೇ ತಂದುಕೊಟ್ಟಿದ್ದು. ಯಜಮಾನರಿಗೆ ಸೇರಿಸ್ತೀನಿ ಅಂದೆ. ಬೇಡ, ಅದು ನಿನ್ನ ಕೂಲಿ, ಯಜಮಾನರದ್ದು ನಾನು ನೋಡ್ಕೋತೀನಿ ಅಂದ್ರು. ಅದಿನ್ನೂ ಅವರು ತಂದ ಊಟದ ಡಬ್ಬೀಲೇ ಇದೆ ಮೇಡಂ. ನಾನು ಮುಟ್ಟಿಲ್ಲ." ಅವನು ಮುಚ್ಚಳ ಹಾಕಿದ. "ನಿಮ್ಮ ತಂಗಿ ಸುಳ್ಳು ಹೇಳ್ತಾರೆ ಅಂತ ನಂಗೆ ಅನ್ಸಿರ್ಲಿಲ್ಲ."

"ಯಜಮಾನರು ಒಪ್ಪಿದ್ದಾರೆ ಅಂತ ಅವಳೇ ಹೇಳಿದ್ಲಾ? ಅವಳ ಬಾಯಿಂದಲೇ?"

"ಅವರ ಬಾಯಿಂದಲೇ. ಎರಡು ಸಲ."

ಹಾಗಾದರೆ ಎರಡರಲ್ಲಿ ಒಂದು. ತಂಗಿ ಈ ಬಡಪಾಯಿಗೆ ಸುಳ್ಳು ಹೇಳಿದ್ದಾಳೆ. ಇಲ್ಲವೇ, ಎಲ್ಲ ಗೊತ್ತಿದ್ದ ಯಜಮಾನರು ಐದು ದಿನದಿಂದ ಒಂದು ಹುಡುಗಿಯನ್ನು ಕಳ್ಳಿ ಎನ್ನುತ್ತಿದ್ದಾರೆ, ಅವಳ ಕಡೆಗೆ ನೀರಿನ ಲೋಟ ಸರಿಸುತ್ತಾ.

ಮೇಡಂ ಎದ್ದರು. ಡಾಕ್ಟ್ರು ಓಡಿ ಬಂದು ತೋಳು ಹಿಡಿದ. ಕಂಪ್ಯೂಟರನ್ನು ಚೀಲಕ್ಕೆ ತುಂಬಿ, ಗಾಲಿಗೆ ಸಿಕ್ಕಿದ್ದ ದಾರದ ಎಳೆಯನ್ನು ಬಿಡಿಸಿ, ಬೀದಿಗೆ ಇಳಿಸಿಕೊಟ್ಟ.

"ಸ್ಟೇಷನ್ನಿಗೆ ನಾನೂ ಬರ್ತೀನಿ ಮೇಡಂ. ಕರೀರಿ, ಅಷ್ಟೇ."

"ಏನಂತ ಹೇಳ್ತೀಯ ಅಲ್ಲಿ?"

ಮಗಳನ್ನು ಬಿಡಿಸಬೇಕಾದರೆ ತಾಯಿಯ ಹೆಸರು ಹೇಳಬೇಕು. ತಾಯಿಯನ್ನು ಮುಚ್ಚಿಡಬೇಕಾದರೆ ಮಗಳು ಹೋಗುತ್ತಾಳೆ. ಅದು ಇಬ್ಬರಿಗೂ ಒಂದೇ ಹೊತ್ತಿಗೆ ಅರ್ಥವಾಗಿತ್ತು.

---

ಅಡುಗೆಮನೆಯ ಬಾಗಿಲು ತೆರೆದೇ ಇತ್ತು. ಮಧ್ಯಾಹ್ನದ ಡಬ್ಬಿಗಳೆಲ್ಲ ವಾಪಸು ಬಂದು, ತೊಳೆದು, ಬಾಯಿ ಕೆಳಗಾಗಿ ಸಾಲಾಗಿ ಕೂತಿದ್ದವು. ಮೇಡಂ ಅವರಿಗಿಂತ ಎಂಟು ವರ್ಷಕ್ಕೆ ಚಿಕ್ಕವಳಾದ ತಂಗಿ ಒಲೆಯ ಮುಂದೆ ಬೆನ್ನು ಹಾಕಿ ನಿಂತಿದ್ದಳು. ಈ ಹೊತ್ತಿನಲ್ಲಿ ಅವಳು ಅಡುಗೆ ಮಾಡುವುದಿಲ್ಲ. ಇವತ್ತು ಒಲೆಯ ಮೇಲೆ ಪುಟ್ಟ ಪಾತ್ರೆಯೊಂದು ಇತ್ತು.

"ಬಾ ಅಕ್ಕ," ಎಂದಳು ತಿರುಗದೆ. "ಚೀಲದ ಗಾಲಿ ಸದ್ದು ಬೀದಿ ತುಂಬ ಕೇಳ್ಸುತ್ತೆ. ಆ ವಯಸ್ಸಾದ ಕಂಪ್ಯೂಟರ್ನ ಯಾಕೆ ಊರೆಲ್ಲ ಸುತ್ತಿಸ್ತಿದ್ದೀಯ?"

"ಡಾಕ್ಟ್ರ ಹತ್ರ ಹೋಗಿದ್ದೆ."

ಸೌಟು ಒಂದು ಗಳಿಗೆ ನಿಂತು ಮತ್ತೆ ತಿರುಗಿತು.

"ಹೇಳಿದ್ನಾ?"

"ಆಣೆ ಮುರೀಲಿಲ್ಲ. ನಿನ್ನ ಹೆಸರು ನಾನೇ ಹೇಳಿದೆ."

ತಂಗಿ ಒಲೆ ಆರಿಸಿದಳು. ಗೋಡೆಯ ಗಡಿಯಾರದಲ್ಲಿ ನಾಲ್ಕಕ್ಕೆ ಹತ್ತು ನಿಮಿಷ. ಚಿಕ್ಕಂದಿನಲ್ಲಿ ಇವಳು ಏನಾದರೂ ಒಡೆದರೆ, ಚೂರುಗಳನ್ನು ತಾನೇ ಆರಿಸಿ ತಂದು ಅಕ್ಕನ ಮುಂದೆ ಇಟ್ಟು ನಿಲ್ಲುತ್ತಿದ್ದಳು, ಬೈಸಿಕೊಳ್ಳಲು. ಇವತ್ತು ಅವಳ ಕೈಯಲ್ಲಿ ಚೂರುಗಳಿರಲಿಲ್ಲ. ಮುಖದಲ್ಲಿ ಬೈಸಿಕೊಳ್ಳುವ ಆತುರವೂ ಇರಲಿಲ್ಲ.

"ನಾಲ್ಕು ತಿಂಗಳು ನೋಡಿದೆ ಅಕ್ಕ, ಆ ನೋಟುಬುಕ್ಕಿನ ಕೊನೇ ಪುಟ ತೆಗ್ಯೋದು, ಮುಚ್ಚೋದು. ಒಂದು ದಿನಾನೂ ನನ್ನ ಕೇಳ್ಲಿಲ್ಲ. ಕೇಳಿದ್ರೆ ನಾನು ಹೆಂಗಾದ್ರೂ ಹೊಂದಿಸ್ತೀನಿ ಅಂತ ಗೊತ್ತಿತ್ತು, ಅದಕ್ಕೇ ಕೇಳ್ಲಿಲ್ಲ."

"ಅದಕ್ಕೆ ನೀನು ಯಜಮಾನರ ಒಪ್ಪಿಗೆ ಇದೆ ಅಂತ ಅವನಿಗೆ ಸುಳ್ಳು ಹೇಳಿದ್ಯಾ?"

ತಂಗಿ ಒಂದು ಡಬ್ಬಿ ತೆಗೆದುಕೊಂಡು ಒಣ ಬಟ್ಟೆಯಿಂದ ಒಳಗೂ ಹೊರಗೂ ಒರೆಸಿದಳು. ಬಿಸಿ ಅನ್ನ ಹಾಕಿದಳು. ಪಾತ್ರೆಯಲ್ಲಿದ್ದ ತರಕಾರಿಯನ್ನು ಅದರ ಪಕ್ಕಕ್ಕೆ, ಅನ್ನ ನೆನೆಯದ ಹಾಗೆ, ಚಮಚದಿಂದ ಒತ್ತಿ ಕೂರಿಸಿದಳು.

"ಹೇಳೇ. ಒಂದು ಗಂಟೆ ಇದೆ. ನೀನು ಯಜಮಾನರನ್ನ ಕೇಳಿದ್ಯಾ, ಇಲ್ವಾ?"

"ನಾನು ಅವರನ್ನ ಕೇಳ್ಲಿಲ್ಲ ಅಕ್ಕ." ಅವಳು ಡಬ್ಬಿಯ ಮುಚ್ಚಳ ಹಾಕಿ ಕೊಕ್ಕೆ ಒತ್ತಿದಳು. "ಅವರೇ ಬಂದು ನನ್ನ ಕೇಳಿದ್ದು."

"ಅವರೇ? ಏನಂತ?"

"ಒಂಬತ್ತನೇದರ ಕಾರ್ಡು ಮಗೀಗೆ ಕೊಟ್ರೆ ತಗೋತೀರಾ ಅಂತ; ಗಿರಾಕಿಗೆ ಗೊತ್ತಾದ ಮೇಲೆ ಹೆದರಿ ಮಾತು ತಿರುಗಿಸಿದ್ರು." ತಂಗಿ ಸೊಂಟಕ್ಕೆ ಕಟ್ಟಿದ್ದ ಅಡುಗೆಯ ಬಟ್ಟೆ ಬಿಚ್ಚಿ ಮಡಚಿಟ್ಟಳು. ಬಾಗಿಲ ಹಿಂದೆ ಒಂದು ಕೈಚೀಲ ತುಂಬಿ ನಿಂತಿರುವುದು ಮೇಡಂಗೆ ಆಗ ಕಾಣಿಸಿತು. ಎರಡು ಸೀರೆ, ಒಂದು ಟವೆಲು, ಮೇಲೆ ಹಲ್ಲುಜ್ಜುವ ಬ್ರಷ್ಷು.

"ಇದು ಕಡ್ಡಿಗೆ, ರಾತ್ರಿ ಊಟಕ್ಕೆ," ಎಂದಳು ತಂಗಿ. "ಬಿಸಿ ಮಾಡಿ ಕೊಡು. ತಣ್ಣಗಿದ್ರೆ ಅರ್ಧ ಬಿಡ್ತಾಳೆ. ನಾನಿರಲ್ಲ. ಅವರಿಗಿಂತ ಮೊದ್ಲು ಸ್ಟೇಷನ್ನಿಗೆ ಹೋಗಿ, ಕಾರ್ಡು ತೆಗೆಸಿದ್ದು ನಾನು ಅಂತೀನಿ."

ಮೇಡಂ ಇನ್ನೇನೋ ಕೇಳಲು ಹೊರಟರು. ತಂಗಿ ಆಗಲೇ ಡಬ್ಬಿಯನ್ನು ಬಟ್ಟೆಯಲ್ಲಿ ಸುತ್ತಿ, ಬಿಸಿ ತಾಗದ ಹಾಗೆ ತಳಕ್ಕೆ ಇನ್ನೊಂದು ಪದರ ಕೊಟ್ಟು, ಅಕ್ಕನ ಎರಡೂ ಕೈಗಳಲ್ಲಿ ಇಟ್ಟಿದ್ದಳು.